ಏಳು ಮನೆಯ ಎಡೆ

ಡಗ್ಲಸ್, ಕಾರ್ಕ್
೨೬ ಏಪ್ರಿಲ್ ೨೦೨೦

ಗೀತಾ,

ನಿನ್ನ ಕಾರ್ಡು ತಲುಪಿತು. ಲಾಕ್‌ಡೌನ್ ಅಂತ ಐರಿಷ್ ಅಂಚೆಯವರು ಮನೆಗೆರಡರಂತೆ ಪುಕ್ಕಟೆ ಕಾರ್ಡು ಹಂಚಿದ್ದಾರೆ. ಒಂದನ್ನು ಮಗಳ ಟೀಚರಿಗೆ ಹಾಕಿ, ಮಿಕ್ಕಿದ್ದನ್ನು ನನಗೆ ಹಾಕಿದ್ದೀಯ. ಎಂಟು ವರ್ಷ ಬಾಯಿ ಬಿಡದ ಸ್ನೇಹ ಪುಕ್ಕಟೆ ಅಂದ ಕೂಡಲೇ ಮಾತಾಡಿತು. ನನ್ನ ಬೆಲೆ ಎಷ್ಟು ಅಂತ ಗೊತ್ತಾಯಿತು, ಸಂತೋಷ.

"ಎಲ್ಲಾ ಗ್ರ್ಯಾಂಡ್ ತಾನೇ?" ಅಂತ ಕೇಳಿದ್ದೀಯ. ಮೈಸೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ರೂಮಿನಲ್ಲಿ ಮಲಗಿದವಳು ಕೇಳುವ ಪ್ರಶ್ನೆಯೇ ಇದು? ಸ್ಲೈಗೋದ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ಕೂತು, ಚೆನ್ನಾಗಿದೆ ಅನ್ನುವುದಕ್ಕೂ ಗ್ರ್ಯಾಂಡ್ ಅನ್ನುವಷ್ಟು ನಿನ್ನ ನಾಲಿಗೆ ಐರಿಷ್ ಆಗಿದೆ. ನನಗೇನು ಬಂತು, ನಾನು ಬದುಕಿದ್ದೇನೆ. ರಿಂಗಾಸ್ಕಿಡಿಯ ಔಷಧ ಕಾರ್ಖಾನೆಗೆ ಬೀಗ ಹಾಕುವಂತಿಲ್ಲ, ಹಾಗಾಗಿ ನಾನು ದಿನಾ ಹೋಗಿ ಮಾತ್ರೆ ಪರೀಕ್ಷೆ ಮಾಡಿ ಬರುತ್ತೇನೆ. ಸಾಯಂಕಾಲ ಬೀದಿಯವರೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ. ಮೊನ್ನೆ ಮೊನ್ನೆಯವರೆಗೆ ನನ್ನ ಕಾರು ತಮ್ಮ ಗೇಟಿನ ಮುಂದೆ ನಿಂತರೆ ಚೀಟಿ ಅಂಟಿಸುತ್ತಿದ್ದ ಕೈಗಳೇ ಅವು.

ಎಪ್ಪತ್ತು ದಾಟಿದವರು ಮನೆಯಿಂದ ಆಚೆ ಬರಬಾರದಂತೆ. ಅದಕ್ಕೆ ಇವರಿಟ್ಟ ಹೆಸರು ಕಕೂನಿಂಗ್, ಗೂಡು ಸೇರುವುದು. ನನ್ನ ಅಪ್ಪ ಟಪಾಲು ಹಂಚಿ ಬಂದ ಮೇಲೆ ರೇಷ್ಮೆ ಹುಳ ಸಾಕುತ್ತಿದ್ದ. ಗೂಡು ಕಟ್ಟಿದ ಹುಳವನ್ನು ಆಮೇಲೆ ಏನು ಮಾಡುತ್ತಾರೆ ಅಂತ ಈ ಮಂತ್ರಿಗಳಿಗೆ ಯಾರಾದರೂ ಹೇಳಬೇಕಿತ್ತು. ಕುದಿಸುತ್ತಾರೆ.

ಪಕ್ಕದ ಮನೆಯಲ್ಲಿ ಒಬ್ಬಳು ವಿಯೆಟ್ನಾಮ್ ಅಜ್ಜಿ ಹೀಗೆ ಗೂಡು ಸೇರಿದ್ದಾಳೆ. ಮಿಸೆಸ್ ಥಾಚ್, ಎಂಬತ್ತು ದಾಟಿದೆ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ದೋಣಿಯಲ್ಲಿ ಓಡಿ ಬಂದವರ ಪೈಕಿ. ಇಲ್ಲಿಗೆ ಬಂದು ಡೆಕ್ಲನ್ ಆದ ಮಗ ರಿಂಗಾಸ್ಕಿಡಿಯ ಬಂದರಿನಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಮನೆ ಮಾಡಿದ್ದಾನೆ, ವಾರಕ್ಕೊಮ್ಮೆ ಬಂದು ಕಿಟಕಿಯಿಂದ ಕೈ ಬೀಸಿ ಹೋಗುತ್ತಾನೆ. ನಾನು ಈ ಬೀದಿಗೆ ಬಂದಾಗಿನಿಂದ ಅವಳಿಗೆ ದಿನಸಿ ತಂದುಕೊಡುವವಳು ನಾನೇ. ಅವಳಿಗೆಂದೇ ಏಷ್ಯನ್ ಅಂಗಡಿ ಹುಡುಕಿ ವಿಯೆಟ್ನಾಮಿನ ಶಾವಿಗೆ ತರುತ್ತೇನೆ. ಮುಖ ಗಂಟು ಹಾಕಿಕೊಂಡು ಈಸಿಕೊಳ್ಳುತ್ತಾಳೆ, ಒಂದು ಥ್ಯಾಂಕ್ಸ್ ಇಲ್ಲ. ಉಪಕಾರ ಸ್ಮರಣೆ ಇಲ್ಲದ ಜನ.

ನಿನ್ನ ನಂಬರನ್ನು ಎಂಟು ವರ್ಷದ ಹಿಂದೆ ಬ್ಲಾಕ್ ಮಾಡಿದ್ದೆ, ಹಾಗೇ ಇರುತ್ತದೆ. ಬರೆಯುವುದಿದ್ದರೆ ಕಾಗದ ಬರಿ. ಪೋಸ್ಟ್‌ಮ್ಯಾನಿನ ಮಗಳು ನಾನು, ಬಂದ ಕಾಗದವನ್ನು ಹಿಂದಕ್ಕೆ ಕಳಿಸುವುದಿಲ್ಲ.

ಇಂತಿ,
ವನಜಾ


ಸ್ಲೈಗೋ
೧೦ ಮೇ ೨೦೨೦

ವನಜಾ,

ಇಷ್ಟು ಬೈದಿದ್ದೀಯ ಅಂದ್ರೆ ಆರೋಗ್ಯವಾಗಿದ್ದೀಯ. ನಿನ್ನ ಅಕ್ಷರ ನೋಡಿ ಅಳು ಬಂತು, ಓದಿದ ಮೇಲೆ ಹೋಯ್ತು.

ಸುತ್ತಿ ಬಳಸಿ ಯಾಕೆ, ನೇರವಾಗಿ ಕೇಳ್ತೀನಿ. ಡಬ್ಲಿನ್ ರಾಜ್ಯೋತ್ಸವದಲ್ಲಿ ನಾನು ಮೈಕ್ ಹಿಡ್ಕೊಂಡು ಏನಂದೆ? "ನಮ್ಮ ವನಜಾ ತಮಿಳರಾದ್ರೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾರೆ ನೋಡಿ" ಅಂದೆ. ಹೊಗಳಿದ್ದು ಕಣೆ! ನೀನು ಊಟಾನೂ ಮಾಡ್ದೆ ಎದ್ದು ಹೋದೆ. ನಿಮ್ಮ ತಾಳವಾಡಿ ತಮಿಳುನಾಡಲ್ಲೇ ತಾನೇ ಇರೋದು? ಮ್ಯಾಪಲ್ಲಿ ಹಂಗೇ ಇದೆ, ನಾನೇನು ಹೊಸದಾಗಿ ಬರೆದ್ನಾ? ಒಂದು ಮಾತಿಗೆ ಎಂಟು ವರ್ಷ. ಕೊಲೆ ಮಾಡಿದೋರೂ ಇಷ್ಟರಲ್ಲಿ ಆಚೆ ಬಂದಿರ್ತಾರೆ.

ಲ್ಯಾಬಲ್ಲಿ ಸ್ವಾಬ್ ಮೇಲೆ ಸ್ವಾಬ್. ಕೈ ತೊಳೆದೂ ತೊಳೆದೂ ಚರ್ಮ ಸುಲಿದಿದೆ. ತನ್ವಿಗೆ ಹನ್ನೆರಡು ತುಂಬಿತು. ನಾನು ಕನ್ನಡದಲ್ಲಿ ಕೇಳಿದ್ರೆ ಅವಳು ಇಂಗ್ಲಿಷಲ್ಲೇ ಉತ್ತರ ಕೊಡ್ತಾಳೆ, ಅದೂ ಸ್ಲೈಗೋ ರಾಗದಲ್ಲಿ. ನೀನು ನಗ್ತೀಯ, ಗೊತ್ತು. ನಗು.

ನಿನ್ನ,
ಗೀತಾ


ಡಗ್ಲಸ್
೨೦ ಸೆಪ್ಟೆಂಬರ್ ೨೦೨೦

ಗೀತಾ,

ನಾಲ್ಕು ತಿಂಗಳು ಉತ್ತರ ಬರೆಯಲಿಲ್ಲ. ಮ್ಯಾಪಿನ ಮಾತು ಎತ್ತಿದವಳಿಗೆ ಏನು ಬರೆಯಲಿ? ನನ್ನ ಮುತ್ತಜ್ಜ ಹುಟ್ಟಿದ್ದು ತಾಳವಾಡಿಯಲ್ಲಿ, ಸತ್ತಿದ್ದು ತಾಳವಾಡಿಯಲ್ಲಿ. ಹುಟ್ಟಿ ಸಾಯುವವರೆಗೆ ಬೈದದ್ದು, ಹಾಡಿದ್ದು, ಲೇವಾದೇವಿ ಮಾಡಿದ್ದು ಎಲ್ಲ ಕನ್ನಡದಲ್ಲೇ. ನಾವು ಎಲ್ಲಿಂದಲೂ ಬಂದವರಲ್ಲ, ಎಲ್ಲಿಗೂ ಹೋದವರೂ ಅಲ್ಲ. ಮೇಲೆ ಕೂತವರು ಗೆರೆ ಎಳೆದರು, ನಾವು ಗೆರೆಯ ಆಚೆ ಉಳಿದೆವು. ನನ್ನನ್ನು ಶಾಲೆಗೆ ಸೇರಿಸುವಾಗ ಗುಮಾಸ್ತನೊಬ್ಬ ಅಪ್ಪನ ಹೆಸರು ಚಿಕ್ಕಣ್ಣ ಅಂತ ಕೇಳಿಸಿಕೊಂಡು ಚಿನ್ನಣ್ಣನ್ ಅಂತ ಬರೆದುಕೊಂಡ. ನನ್ನ ಪಾಸ್‌ಪೋರ್ಟಿನಲ್ಲಿ ಇವತ್ತಿಗೂ ನಾನು ಯಾರೋ ಚಿನ್ನಣ್ಣನ್ ಎಂಬಾತನ ಮಗಳು. ಈರೋಡಿಗೆ ಹೋದರೆ ಕನ್ನಡದವಳು, ಮೈಸೂರಿಗೆ ಬಂದರೆ ತಮಿಳ್ ಪಾರ್ಟಿ. ಹಾಸ್ಟೆಲಿನಲ್ಲಿ ಹಾಗೆ ಕರೆದವರ ಜೊತೆ ನನಗಾಗಿ ಜಗಳ ಆಡಿದವಳು ನೀನು. ಅದಕ್ಕೇ ನಿನ್ನ ಬಾಯಲ್ಲಿ ಆ ಮಾತು ಬಂದಾಗ ಸಹಿಸಲಿಲ್ಲ. ಇನ್ನು ಈ ವಿಷಯ ಕೇಳಬೇಡ.

ಇವತ್ತು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ.

ಗುರುವಾರ ಮಾಲಯ ಅಮಾವಾಸ್ಯೆ. ಮಧ್ಯಾಹ್ನ ಕಾರ್ಖಾನೆಯಿಂದ ಬಂದು ಅಪ್ಪನಿಗೆ ಎಡೆ ಇಟ್ಟೆ. ಮುದ್ದೆ, ಉಪ್ಸಾರು, ಹೊಸ ಪಂಚೆ, ಊರಿಂದ ತಂದಿಟ್ಟಿದ್ದ ಒಂದು ಕಟ್ಟು ಬೀಡಿ. ಕಾಗೆಗೆ ಪಾಲು ಇಡಲು ಹಿತ್ತಲಿಗೆ ಹೋದರೆ, ಮಿಸೆಸ್ ಥಾಚ್ ನಡುವಿನ ಗೋಡೆಯ ಮೇಲೆ ತಟ್ಟೆ ಇಟ್ಟುಕೊಂಡು ಆಚೆ ಬದಿ ನಿಂತಿದ್ದಾಳೆ. ತಟ್ಟೆಯಲ್ಲಿ ಅನ್ನದ ಉಂಡೆ, ಅದಕ್ಕೆ ಎಳ್ಳು ಬೆರೆಸಿದೆ. ಪಕ್ಕದಲ್ಲಿ ಊದುಬತ್ತಿ. ಮೋಡದ ಕಡೆ ಮುಖ ಮಾಡಿ ಒಂದೊಂದೇ ಹೆಸರು ಕರೆಯುತ್ತಿದ್ದಾಳೆ. ನನ್ನ ಅಜ್ಜಿ ಕರೆಯುತ್ತಿದ್ದಂತೆಯೇ, ಊಟಕ್ಕೆ ಬನ್ನಿ ಅನ್ನುವ ದನಿಯಲ್ಲಿ.

ನನ್ನ ಕೈಯಲ್ಲೂ ಎಳ್ಳು ಅನ್ನ. ನಾನು ದಡ್ಡಿಯ ಹಾಗೆ ಕೇಳಿದೆ: "ನಿಮ್ಮ ವಿಯೆಟ್ನಾಮಲ್ಲೂ ಹಿರಿಯರ ಹಬ್ಬ ಇವತ್ತೇನಾ?"

ಅವಳು ಉಂಡೆಯನ್ನು ಕೆಳಗಿಟ್ಟಳು. ಅವಳ ಹರಕು ಮುರಕು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಹನ್ನೊಂದು ವರ್ಷ ಪಕ್ಕದ ಮನೇಲಿದ್ದೀಯ. ಒಂದು ಸಲಾನೂ ಕೇಳ್ಲಿಲ್ಲ. ನಾನು ವಿಯೆಟ್ನಾಮಿ ಅಲ್ಲ. ಖ್ಮೇರ್."

ಖ್ಮೇರ್ ಅಂದರೆ ಕಾಂಬೋಡಿಯಾದವರಲ್ಲವೇ ಅಂದೆ. ಅದಕ್ಕೂ ಬೈದಳು. ಮೆಕಾಂಗ್ ನದಿ ಸಮುದ್ರ ಸೇರುವ ಬಯಲು ಇದೆಯಲ್ಲ, ಅಲ್ಲಿ ಎಲ್ಲರಿಗಿಂತ ಮೊದಲು ಭತ್ತ ಬೆಳೆದವರು ಅವಳ ಜನ. ಅವಳ ಊರಿಗೆ ಅವರು ಕರೆಯುವ ಹೆಸರು ಪ್ರಿಯಾ ತ್ರಪಿಯಾಂಗ್. ಈಗ ಮ್ಯಾಪಿನಲ್ಲಿರುವುದು ವಿಯೆಟ್ನಾಮಿನ ಹೆಸರು. ಥಾಚ್ ಎನ್ನುವುದು ಹಿಂದೆ ಯಾವನೋ ವಿಯೆಟ್ನಾಮಿನ ರಾಜ, ಇವರ ಲೆಕ್ಕ ಇಡಲು ಸುಲಭವಾಗಲಿ ಅಂತ ಹಂಚಿದ ಮನೆತನದ ಹೆಸರು. ಅವಳ ಸ್ವಂತ ಹೆಸರು ಸೊವಾನ್, ಬಂಗಾರ ಅಂತ ಅರ್ಥ. ಅದನ್ನೂ ಒಬ್ಬ ಗುಮಾಸ್ತ ತನ್ನ ಭಾಷೆಯ ಬಂಗಾರ ಮಾಡಿ ವಾಂಗ್ ಅಂತ ಬರೆದುಕೊಂಡ. ಅವಳಿಗೆ ಹನ್ನೊಂದು ವರ್ಷವಿದ್ದಾಗ ಫ್ರೆಂಚರು ಒಂದು ಕಾಗದಕ್ಕೆ ಸಹಿ ಹಾಕಿ ಆ ಬಯಲನ್ನು ವಿಯೆಟ್ನಾಮಿಗೆ ಕೊಟ್ಟರು. ಅಲ್ಲಿ ಅವಳನ್ನು ಖ್ಮೇರ್ ಅಂತ ದೂರ ಇಟ್ಟರು. ಗಡಿ ದಾಟಿ ಕಾಂಬೋಡಿಯಾಕ್ಕೆ ಹೋದರೆ ವಿಯೆಟ್ನಾಮಿ ಬಂದಳು ಅಂದರು. ಕಾರ್ಕಿಗೆ ಬಂದ ಮೇಲೆ ಆಯಿತಲ್ಲ, ನಾನೇ ಇದ್ದೆ ವಿಯೆಟ್ನಾಮಿ ಅಂತ ಕರೆಯುವುದಕ್ಕೆ.

ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದರಂತೆ. ಆ ಗಾದೆ ನನಗೇ ಮಾಡಿದ್ದು. ನಾಚಿಕೆಯಿಂದ ಮೈಯೆಲ್ಲ ಬೆಂದುಹೋಯಿತು ಗೀತಾ.

"ಆ ಶಾವಿಗೆ?" ಅಂದೆ. "ನಂಗೆ ಸೇರಲ್ಲ. ಡೆಕ್ಲನ್ ತಿಂತಾನೆ, ಉಳಿದಿದ್ದು ಕಸದ ಡಬ್ಬಿಗೆ," ಅಂದಳು. ಹನ್ನೊಂದು ವರ್ಷದ ಶಾವಿಗೆ!

ಆಮೇಲೆ ಅವಳು ಹೇಳಿದ್ದು ಕೇಳು. ಈ ಹದಿನೈದು ದಿನ ಅವರ ಸತ್ತವರು ಏಳು ಬೌದ್ಧ ವಿಹಾರಗಳನ್ನು ಹುಡುಕಿಕೊಂಡು ಅಲೆಯುತ್ತಾರಂತೆ. ಏಳರಲ್ಲಿ ಎಲ್ಲಿಯೂ ತಮ್ಮ ಹೆಸರು ಕರೆದು ಅನ್ನ ಇಟ್ಟಿಲ್ಲ ಅಂದರೆ, ಹಸಿದುಕೊಂಡು ಶಾಪ ಹಾಕಿ ವಾಪಸ್ಸು ಹೋಗುತ್ತಾರಂತೆ. ಅದಕ್ಕೆ ಊರಿನಲ್ಲಿ ಏಳು ಕಡೆಯೂ ಹೋಗಿ ಇಡುತ್ತಿದ್ದಳು. "ಇಲ್ಲಿ ನಂಗೆ ಇರೋದು ಒಂದು ಗೋಡೆ. ನಲವತ್ತೊಂದು ವರ್ಷ ಆಯ್ತು. ಅವರು ಈ ಗೋಡೆ ಕಂಡ್ರೋ ಇಲ್ವೋ," ಅಂದಳು. ಆ ಮುದುಕಿ ಅಳಲಿಲ್ಲ. ಬರೀ ಗೋಡೆ ನೋಡಿದಳು.

ನನ್ನ ಮನೆಯಲ್ಲೂ ಇಡುತ್ತೇನೆ ಅಂದೆ. "ಹೆಸರು ಗೊತ್ತಾ? ಹೆಸರು ಕರೀದಿದ್ರೆ ಬರಲ್ಲ," ಅಂದಳು. ಅವರಲ್ಲಿ ಅಕ್ಷರ ಕಲಿಸುತ್ತಿದ್ದದ್ದು ವಿಹಾರದಲ್ಲಿ, ಹುಡುಗರಿಗೆ ಮಾತ್ರ. ಅವಳಿಗೆ ಬರೆಯಲು ಬಾರದು. ಡೆಕ್ಲನ್‌ಗೆ ಖ್ಮೇರ್ ಒಂದು ಪದ ಬಾರದು. ನಾನು ಒಂದೆರಡು ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಓದಿದೆ, ನಕ್ಕಳು. ಕನ್ನಡದಲ್ಲಿ ಬರೆದು ಓದಿದೆ. ಕಿವಿ ಕೊಟ್ಟು ಕೇಳಿ, "ಪೂರ್ತಿ ಸರಿ ಇಲ್ಲ. ಆದ್ರೆ ತಿರುಗಿ ನೋಡ್ತಾರೆ," ಅಂದಳು.

ಇನ್ನು ಭಾನುವಾರ ಭಾನುವಾರ ಗೋಡೆಯ ಆಚೆ ಈಚೆ ನಿಂತು ಬರೆದುಕೊಳ್ಳುವುದು ಅಂತ ಆಗಿದೆ.

ಇಂತಿ,
ವನಜಾ


ಸ್ಲೈಗೋ
೧೨ ಅಕ್ಟೋಬರ್ ೨೦೨೦

ವನಜಾ,

ನಿನ್ನ ಕಾಗದ ಓದಿದೆ. ನಮ್ಮವರೆಲ್ಲ ಇದನ್ನ ಕೇಳ್ಬೇಕು. ನವೆಂಬರ್ ಒಂದಕ್ಕೆ ಜೂಮಲ್ಲಿ ರಾಜ್ಯೋತ್ಸವ ಇಟ್ಕೊಂಡಿದ್ದೀವಿ. ನಾನು ಇಲ್ಲಿನ ಕನ್ನಡ ಬಳಗದ ಸೆಕ್ರೆಟರಿ. ನಮ್ಮ ಅಧ್ಯಕ್ಷರು ಗುರುಪ್ರಸಾದ್ ಅಂತ, ಡಬ್ಲಿನ್‌ನಲ್ಲಿ ಸಾಫ್ಟ್‌ವೇರ್, ಒಳ್ಳೇ ಮನುಷ್ಯರು. ಅವರೇ ಹೇಳಿದ್ರು, "ಗಡಿನಾಡ ಕನ್ನಡತಿಯಿಂದ ಹತ್ತು ನಿಮಿಷ ಮಾತು ಇಡೋಣ, ಆಮೇಲೆ ಅಂತ್ಯಾಕ್ಷರಿ" ಅಂತ. ಎಲ್ಲರೂ ಮನೇಲಿ ಕೆಂಪು ಹಳದಿ ಕೇಕ್ ಮಾಡಿ ಕ್ಯಾಮೆರಾಗೆ ತೋರಿಸ್ತಾರೆ. ಬೇಡ ಅನ್ಬೇಡ್ವೇ.

ನಿನ್ನ,
ಗೀತಾ


ಡಗ್ಲಸ್
೧ ನವೆಂಬರ್ ೨೦೨೦

ಗೀತಾ,

ನಿಮ್ಮ ಜೂಮ್ ಈಗ ಶುರುವಾಗಿರಬೇಕು. ಗುರುಪ್ರಸಾದರ ಬೆನ್ನ ಹಿಂದೆ ಬಾವುಟ ಹಾರುತ್ತಿರಬೇಕು, ಗಾಳಿಯಿಲ್ಲದಿದ್ದರೂ. ಕೇಕುಗಳು ಸಾಲಾಗಿ ದರ್ಶನ ಕೊಡುತ್ತಿರಬೇಕು. ಆಹಾ, ಕನ್ನಡ ಉದ್ಧಾರವಾಯಿತು.

ನವೆಂಬರ್ ಒಂದು ನಿಮಗೆ ಏನು ಅಂತ ನನಗೆ ಗೊತ್ತು. ನನಗೆ ಏನು ಅಂತ ನೀನು ಎಂದಾದರೂ ಯೋಚಿಸಿದ್ದೀಯಾ? ಐವತ್ತಾರನೇ ಇಸವಿಯ ನವೆಂಬರ್ ಒಂದರವರೆಗೆ ಕೊಳ್ಳೇಗಾಲವೂ ನಾವೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದೆವು. ಆ ದಿನ ಕೊಳ್ಳೇಗಾಲವನ್ನು ಕನ್ನಡನಾಡಿಗೆ ಕರೆದುಕೊಂಡರು, ನಮ್ಮನ್ನು ಬಿಟ್ಟರು. ಅಪ್ಪನಿಗೆ ಆಗ ಒಂಬತ್ತು ವರ್ಷ. ಕೊಳ್ಳೇಗಾಲದ ಸೋದರಮಾವ ಮಾರನೆಯ ದಿನ ಸಿಹಿ ತಂದನಂತೆ. ತಾತ ಅದನ್ನು ತಿಪ್ಪೆಗೆ ಎಸೆದನಂತೆ. ನೀವು ಕೇಕು ಕತ್ತರಿಸುವುದು ನಮ್ಮನ್ನು ಕತ್ತರಿಸಿದ ದಿನ. ಅದಕ್ಕೆ ನಾನು ಬಂದು ಹತ್ತು ನಿಮಿಷ ಮಾತಾಡಬೇಕು, ಅಂತ್ಯಾಕ್ಷರಿಗೆ ಮುಂಚೆ!

ಪಕ್ಕದ ಮನೆ ಅಜ್ಜಿಗೆ ಇದನ್ನು ಹೇಳಿದೆ. ಅವಳಿಗೂ ಒಂದು ತಾರೀಖಿದೆ, ಜೂನ್ ನಾಲ್ಕು, ಫ್ರೆಂಚರು ಸಹಿ ಹಾಕಿದ ದಿನ. "ನಿಮ್ಮೋರು ಕುಣೀತಾರಾ?" ಅಂತ ಕೇಳಿದಳು. ಕೇಕ್ ಮಾಡ್ತಾರೆ ಅಂದೆ. ಹಲ್ಲಿಲ್ಲದ ಬಾಯಲ್ಲಿ ಎಷ್ಟು ನಕ್ಕಳೆಂದರೆ ಗೋಡೆ ಹಿಡಿದುಕೊಂಡಳು. ಅವಳಷ್ಟು ಚೆನ್ನಾಗಿ ಜಗತ್ತನ್ನು ತಿರಸ್ಕಾರ ಮಾಡುವವರನ್ನು ನಾನು ನೋಡಿಲ್ಲ. ನಾನು ಇನ್ನೂ ಕಲಿಯುತ್ತಿದ್ದೇನೆ.

ಮತ್ತೆ ಲಾಕ್‌ಡೌನ್. ಐದು ಕಿಲೋಮೀಟರ್ ದಾಟಬಾರದು. ಅಜ್ಜಿಗೆ ಚಳಿಯಾಗುತ್ತದೆ ಅಂತ ಈಗ ಕಿಟಕಿ ಮುಚ್ಚಿಕೊಂಡು ಒಳಗಿಂದ ಕೂಗಿ ಹೇಳುತ್ತಾಳೆ, ನಾನು ಹೊರಗೆ ಕೊಡೆ ಹಿಡಿದು ಬರೆಯುತ್ತೇನೆ. ಹದಿನಾಲ್ಕು ಹೆಸರು ಆಗಿದೆ.

ವನಜಾ


ಡಗ್ಲಸ್
೧೪ ಫೆಬ್ರವರಿ ೨೦೨೧

ಗೀತಾ,

ಕಳೆದ ಕಾಗದಕ್ಕೆ ನಿನ್ನ ಉತ್ತರ ಬರಲಿಲ್ಲ. ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೂ ಇದನ್ನು ನಿನಗೆ ಬಿಟ್ಟು ಯಾರಿಗೆ ಬರೆಯಲಿ.

ಅಜ್ಜಿ ಹೋದಳು. ಜನವರಿ ಇಪ್ಪತ್ತೇಳು, ಕೋವಿಡ್. ಆಸ್ಪತ್ರೆಗೆ ಒಯ್ದ ಮೇಲೆ ಒಂಬತ್ತು ದಿನ. ಯಾರೂ ನೋಡಲಿಲ್ಲ.

ಅಂತ್ಯಕ್ರಿಯೆಗೆ ಹತ್ತೇ ಜನ. ಡೆಕ್ಲನ್ ನನ್ನನ್ನೂ ಕರೆದ. ಪೆಟ್ಟಿಗೆಯ ಮೇಲೆ ಹಿತ್ತಾಳೆ ಫಲಕ, ಅದರಲ್ಲಿ ಥಾಚ್ ಥಿ ವಾಂಗ್, ಜನನ ವಿಯೆಟ್ನಾಮ್. ನಾನು ಅವನ ಹತ್ತಿರ ಹೋಗಿ, ಇದು ನಿಮ್ಮ ಅಮ್ಮನ ಹೆಸರಲ್ಲ, ಅವಳು ಸೊವಾನ್, ಖ್ಮೇರ್ ಅಂದೆ. ಅವನು ಕಣ್ಣು ಒರೆಸಿಕೊಳ್ಳುತ್ತ, "ಪಾಸ್‌ಪೋರ್ಟಲ್ಲಿ ಹಂಗೇ ಇದೆ ಅಲ್ವಾ, ಇರ್ಲಿ ಬಿಡಿ, ಇಟ್ಸ್ ಗ್ರ್ಯಾಂಡ್," ಅಂದ. ಮ್ಯಾಪಲ್ಲಿ ಹಂಗೇ ಇದೆ ಅಂತ ನೀನು ಬರೆದಿದ್ದೆಯಲ್ಲ, ಅದೇ ಧಾಟಿ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಹನ್ನೊಂದು ವರ್ಷದ ಶಾವಿಗೆ ನೆನಪಾಗಿ ನನ್ನ ಜಾಗಕ್ಕೆ ವಾಪಸ್ಸು ಹೋಗಿ ನಿಂತೆ.

ಕ್ರಿಸ್‌ಮಸ್ಸಿಗೆ ಮೊದಲೇ ಪಟ್ಟಿ ಮುಗಿದಿತ್ತು. ಒಟ್ಟು ಇಪ್ಪತ್ತಮೂರು. ತಾ ಮಿಯಾಸ್ ಅವಳ ಅಜ್ಜ, ಯಾಯ್ ಸೊಕ್ ಅಜ್ಜಿ. ಗದ್ದೆಯಲ್ಲಿ ಹಾವು ಕಚ್ಚಿ ಸತ್ತವನೊಬ್ಬ, ಯುದ್ಧದಲ್ಲಿ ಯಾರ ಗುಂಡೋ ಗೊತ್ತಿಲ್ಲದೆ ಸತ್ತವರು ನಾಲ್ವರು. ಹತ್ತೊಂಬತ್ತನೆಯ ಹೆಸರು ಹೇಳುವಾಗ ಕಿಟಕಿಯಿಂದ ಮುಖ ತಿರುಗಿಸಿದಳು. ಪಿಸೇಯ್, ಮಗಳು, ಮೂರು ವರ್ಷ. ದೋಣಿ ಹತ್ತುವ ಹಿಂದಿನ ತಿಂಗಳು ಜ್ವರದಲ್ಲಿ ಹೋದದ್ದು. "ಡೆಕ್ಲನ್‌ಗೆ ಹೇಳಿಲ್ಲ. ಅವನು ಆಗ ಕೈಕೂಸು. ಆಮೇಲೆ ಹೇಳೋ ಭಾಷೆ ನಮ್ಮಿಬ್ಬರ ಮಧ್ಯೆ ಉಳೀಲಿಲ್ಲ," ಅಂದಳು.

ಕಡೆಗೆ ಆಂಬುಲೆನ್ಸ್ ಹತ್ತುವಾಗ ಗಾಲಿಕುರ್ಚಿಯಲ್ಲಿ ಕೂತು ನನ್ನ ಕಡೆ ಏಳು ಬೆರಳು ತೋರಿಸಿದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ನಾನು ತಲೆ ಆಡಿಸಿಬಿಟ್ಟೆ. ಮಾತು ಕೊಟ್ಟ ಹಾಗಾಯಿತು.

ಇಪ್ಪತ್ತನಾಲ್ಕನೆಯದಾಗಿ ಸೊವಾನ್ ಅಂತ ನಾನೇ ಬರೆದೆ. ಈಗ ಆ ಹೆಸರುಗಳು ಭೂಮಿಯ ಮೇಲೆ ಇರುವುದು ಒಂದು ನೋಟ್‌ಬುಕ್ಕಿನಲ್ಲಿ, ಕನ್ನಡದಲ್ಲಿ.

ವನಜಾ


ಸ್ಲೈಗೋ
೧ ಮಾರ್ಚ್ ೨೦೨೧

ವನಜಾ,

ನವೆಂಬರ್ ಕಾಗದ ನಾಲ್ಕು ಸಲ ಓದಿದೆ. ಮೊದಲೆರಡು ಸಲ ಸಿಟ್ಟು ಬಂತು. ಮೂರನೇ ಸಲ ನಿಮ್ಮ ತಾತ ಎಸೆದ ಸಿಹಿ ಕಣ್ಣಿಗೆ ಬಂತು. ಕೇಕ್ ನಾನೂ ಮಾಡಿದ್ದೆ, ಸುಳ್ಳು ಹೇಳಲ್ಲ. ಉತ್ತರ ಬರೆಯೋಕೆ ಮುಖ ಇರ್ಲಿಲ್ಲ. ಆಮೇಲೆ ಜನವರಿ ಬಂತು, ಲ್ಯಾಬಲ್ಲೇ ಬಿದ್ದಿದ್ದೆ.

ಅಜ್ಜಿ ವಿಷಯ ಓದಿ ಸಂಕಟ ಆಯ್ತು. ನಾನೇನಾದ್ರೂ ಮಾಡೋದಿದ್ರೆ ಹೇಳು. ನೀನು ಹೇಳಲ್ಲ ಅಂತ ಗೊತ್ತು. ಆದ್ರೂ ಹೇಳು.

ಗೀತಾ


ಡಗ್ಲಸ್
೫ ಸೆಪ್ಟೆಂಬರ್ ೨೦೨೧

ಗೀತಾ,

ಆರು ತಿಂಗಳಿಂದ ಈ ಕಾಗದ ಬರೆದು ಹರಿದು ಹಾಕುತ್ತಿದ್ದೇನೆ. ಬೇಡುವುದು ನನಗೆ ಬರುವುದಿಲ್ಲ, ಕೆಟ್ಟದಾಗಿ ಬೇಡಿದರೆ ಕ್ಷಮಿಸು.

ಅಕ್ಟೋಬರ್ ಆರಕ್ಕೆ ಮಾಲಯ ಅಮಾವಾಸ್ಯೆ. ಖ್ಮೇರರಿಗೂ ಅಂದೇ. ನನಗೆ ಏಳು ಮನೆ ಬೇಕು. ಅಜ್ಜಿ ಕೇಳಿದ್ದು ಏಳು ವಿಹಾರ. ಆದರೆ ಅವಳ ಸತ್ತವರನ್ನು ಓದಿ ಕರೆಯಲು ಕನ್ನಡ ಬರುವವರೇ ಬೇಕು, ಅದೇ ದಿನ ಅನ್ನಕ್ಕೆ ಎಳ್ಳು ಬೆರೆಸಿ ಹಿರಿಯರನ್ನು ಕರೆಯುವವರು ಬೇಕು. ಅಂಥವರು ಈ ದೇಶದಲ್ಲಿ ಯಾರು? ಕೇಕ್ ಕತ್ತರಿಸುವ ನಿಮ್ಮ ಬಳಗ. ದೇವರಿಗೆ ತಮಾಷೆ ಜಾಸ್ತಿ.

ನನಗೆ ಗೊತ್ತಿರುವುದು ನನ್ನ ಮನೆ ಒಂದೇ. ಮಿಕ್ಕ ಬಾಗಿಲುಗಳನ್ನೆಲ್ಲ ನಾನೇ ದಬ್ಬಿ ಮುಚ್ಚಿದ್ದೇನೆ. ನಿನಗೆ ಜನ ಗೊತ್ತು, ಜನಕ್ಕೆ ನೀನು ಬೇಕು. ಇಪ್ಪತ್ತನಾಲ್ಕು ಹೆಸರು ಬರೆದು ಆರು ಪ್ರತಿ ಇದರೊಳಗೆ ಇಟ್ಟಿದ್ದೇನೆ. ಒಂದು ಎಲೆ, ಎಳ್ಳು ಬೆರೆಸಿದ ಅನ್ನದ ಉಂಡೆ, ಏನಾದರೂ ಸಿಹಿ. ಹೆಸರು ಗಟ್ಟಿಯಾಗಿ ಕರೆಯಬೇಕು, ಗೊಣಗಬಾರದು.

ಇನ್ನೊಂದು ಮಾತು. ನೀನು ಒಂದು ಸಲ, ಒಂದು ವಾಕ್ಯದಲ್ಲಿ ಮಾಡಿದ್ದನ್ನು ನಾನು ಹನ್ನೊಂದು ವರ್ಷ ದಿನಾ ಮಾಡಿದೆ. ನಾನು ನಿನ್ನನ್ನು ಬಿಟ್ಟೆ. ಅವಳು ನನ್ನನ್ನು ಬಿಡಲಿಲ್ಲ, ಗೋಡೆಯ ಹತ್ತಿರ ನಿಂತೇ ಇದ್ದಳು. ನನ್ನದು ತಪ್ಪು.

ನಂಬರ್ ಬ್ಲಾಕ್ ತೆಗೆದಿದ್ದೇನೆ. ತುರ್ತು ಇದ್ದರೆ ಮಾತ್ರ. ಫಾರ್ವರ್ಡ್ ಕಳಿಸಿದರೆ ಮತ್ತೆ ಹಾಕುತ್ತೇನೆ.

ವನಜಾ


ಸ್ಲೈಗೋ
೮ ಅಕ್ಟೋಬರ್ ೨೦೨೧

ವನಜಾ,

ಮೊನ್ನೆ ಸಾಯಂಕಾಲ ಒಂದು ಮನೆ ಕಮ್ಮಿ ಆಯ್ತು ಅಂತ ಮೆಸೇಜ್ ಹಾಕಿದ್ದೆ, ನೀನು ನೋಡಿದೆ, ಉತ್ತರ ಇಲ್ಲ. ಕೋಪ ಬಂದಿರುತ್ತೆ. ಮೊದಲು ಕೆಟ್ಟದ್ದು ಹೇಳಿಬಿಡ್ತೀನಿ. ಗುರುಪ್ರಸಾದ್ ಕಡೇ ಗಳಿಗೆಯಲ್ಲಿ ಕೈ ಕೊಟ್ರು. "ಬೇರೆಯವರ ಪಿತೃಗಳನ್ನ ನಮ್ಮನೆಗೆ ಕರೆದ್ರೆ ವಾಪಸ್ ಹೋಗ್ದಿದ್ರೆ ಏನ್ ಮಾಡೋದು? ನಮ್ಮ ತಾಯಿ ಬೇಡ ಅಂದ್ರು" ಅಂದ್ರು. ಆಮೇಲೆ ಇನ್ನೂ ಮೂರು ಮನೆಗೆ ಫೋನ್ ಮಾಡಿ ಬೇಡಿಕೊಂಡೆ. ಯಾರೂ ಒಪ್ಪಲಿಲ್ಲ. ಹಾಗಾಗಿ ನಿನ್ನದೂ ಸೇರಿ ಆರೇ ಮನೆ ಆಯ್ತು. ನಿನ್ನ ಮಾತು ನಾನು ಉಳಿಸಲಿಲ್ಲ ಕಣೆ.

ಆದ್ರೆ ಆರು ಮನೇಲಿ ಚೆನ್ನಾಗಿ ಆಯ್ತು. ಅಥ್ಲೋನ್‌ನ ಚಂದ್ರಕಾಂತ ಅವರು ಹೆಸರೆಲ್ಲ ಕರೆದು ಅಭ್ಯಾಸಬಲದಿಂದ ಕೊನೇಲಿ "ಜೈ ಕರ್ನಾಟಕ ಮಾತೆ" ಅಂದ್ಬಿಟ್ರಂತೆ, ಅವರ ಹೆಂಡತಿ ತಲೆ ಮೇಲೆ ಹೊಡೆದ್ರಂತೆ. ಗಾಲ್ವೇಯಲ್ಲಿ ತಾ ಮಿಯಾಸ್‌ಗೆ ಅಂತ ವಿಸ್ಕಿ ಇಟ್ಟಿದ್ರು. ಲಿಮರಿಕ್, ವಾಟರ್‌ಫರ್ಡ್ ಎರಡೂ ಕಡೆ ಹೆಸರು ಕರೆಯೋ ವಿಡಿಯೋ ಕಳಿಸಿದ್ರು. ನಿನಗೆ ಕಳಿಸಲ್ಲ, ಬ್ಲಾಕ್ ಮಾಡ್ತೀಯ.

ನಮ್ಮನೇಲಿ ನಾನು ಕರೆದೆ. ತನ್ವಿ ಪಕ್ಕದಲ್ಲಿ ನಿಂತು, ಇವರೆಲ್ಲ ಯಾರು ಅಂತ ಕೇಳಿದ್ಲು. "ತಮ್ಮ ಊರಲ್ಲೇ ಇದ್ದು ಬೇರೆಯವರಾದೋರು" ಅಂದೆ. ಹೇಳ್ತಾ ಹೇಳ್ತಾ ಡಬ್ಲಿನ್ ಮೈಕ್ ನೆನಪಾಯ್ತು.

ಇಪ್ಪತ್ತನಾಲ್ಕು ಆದ್ಮೇಲೆ ನಾನು ನಿಲ್ಲಿಸಲಿಲ್ಲ ವನಜಾ. ಇನ್ನೊಂದು ಹೆಸರು ಕರೆದೆ. ತಾಳವಾಡಿ ಚಿಕ್ಕಣ್ಣನವರೇ ಬನ್ನಿ, ಕನ್ನಡಿಗರೇ ಬನ್ನಿ, ಅಂದೆ. ಶ್ಯಾವಿಗೆ ಪಾಯಸ ಇಟ್ಟಿದ್ದೆ. ತಪ್ಪಾಗಿದ್ರೆ ಬಯ್ಯಿ.

ನಿನ್ನ,
ಗೀತಾ


ಡಗ್ಲಸ್
೧೩ ಅಕ್ಟೋಬರ್ ೨೦೨೧

ಗೀತಾ,

ಗುರುಪ್ರಸಾದರಿಗೆ ಹೇಳು, ಹೆದರಬೇಡಿ ಅಂತ. ಅವರ ಮನೆಯಲ್ಲಿ ಉಳಿದುಕೊಳ್ಳುವಷ್ಟು ಗತಿಗೆಟ್ಟ ಪಿತೃ ಯಾವ ದೇಶದಲ್ಲೂ ಇಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಬರುವ ನವೆಂಬರಿನಲ್ಲಿ ಅವರೇ ಗಡಿನಾಡಿನ ಬಗ್ಗೆ ಹತ್ತು ನಿಮಿಷ ಮಾತಾಡಲಿ.

ಏಳನೆಯ ಮನೆ ಆಯಿತು. ನಿನ್ನ ಮೆಸೇಜ್ ನೋಡಿ ಕೂತಲ್ಲೇ ಉರಿದೆ. ಖ್ಮೇರರ ಹಬ್ಬಕ್ಕೆ ಇನ್ನೊಂದು ದಿನ ಇತ್ತು. ಮಾರನೆಯ ದಿನ ಕೆಲಸ ಮುಗಿಸಿ ಎಳ್ಳು ಅನ್ನ ಕಟ್ಟಿಕೊಂಡು ನೇರ ಡೆಕ್ಲನ್ ಮನೆಗೆ ಹೋದೆ. ಇದನ್ನು ಮೊದಲೇ ಯಾಕೆ ಮಾಡಲಿಲ್ಲ ಅಂತ ಕೇಳಬೇಡ. ಅವನು ಲಾಯಕ್ಕಿಲ್ಲ ಅಂತ ನಾನೇ ತೀರ್ಮಾನ ಮಾಡಿದ್ದೆ. ನನ್ನ ತೀರ್ಮಾನಗಳ ಯೋಗ್ಯತೆ ನಿನಗೆ ಗೊತ್ತೇ ಇದೆ.

ಅವನಿಗೆ ಪಟ್ಟಿ ಓದಲು ಬಾರದು. ನಾನು ಒಂದು ಹೆಸರು ಹೇಳುವುದು, ಅವನು ಬಂದರಿನ ಕಡೆ ನೋಡಿಕೊಂಡು ಕರೆಯುವುದು. ಮೊದಲು ಸಂಕೋಚಪಟ್ಟ, ಆ ಕಾರ್ಕ್ ರಾಗದಲ್ಲಿ ತಾ ಮಿಯಾಸ್ ಅಂದಾಗ ನನಗೇ ನಗು ಬಂತು. ಹತ್ತೊಂಬತ್ತಕ್ಕೆ ಬಂದೆವು. ಪಿಸೇಯ್ ಅಂದ. ನಾನು ಹೇಳಿದೆ, ಅದು ನಿನ್ನ ಅಕ್ಕ, ಮೂರು ವರ್ಷ ಅಂತ. ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ನಲವತ್ಮೂರು ವರ್ಷದ ಗಂಡಸು, ಮಗುವಿನ ಹಾಗೆ ಅತ್ತ. "ನಂಗೊಬ್ಬಳು ಅಕ್ಕ ಇದ್ಲಾ?" ಅಂತ ಎಷ್ಟು ಸಲ ಕೇಳಿದನೋ. ಆಮೇಲೆ ಎದ್ದು ನಿಂತು ಪಿಸೇಯ್ ಅಂತ ಮತ್ತೆ ಕರೆದ, ಈ ಸಲ ಗಟ್ಟಿಯಾಗಿ. ಇಪ್ಪತ್ತನಾಲ್ಕನೆಯದನ್ನು ನಾನು ಹೇಳಿಕೊಡಬೇಕಾಗಲಿಲ್ಲ. ಸಮಾಧಿಯ ಕಲ್ಲಿನ ಮೇಲೆ ಸೊವಾನ್ ಅಂತ ಕೆತ್ತಿಸುತ್ತಾನಂತೆ. ಕೆತ್ತಿಸದಿದ್ದರೆ ನಾನಿದ್ದೇನೆ.

ಇನ್ನು ನಿನ್ನ ಇಪ್ಪತ್ತೈದನೆಯ ಹೆಸರು. ಕಾಗದ ಓದಿ ಅಡಿಗೆಮನೆಯಲ್ಲಿ ನಿಂತುಕೊಂಡೇ ಅತ್ತೆ. ಅಪ್ಪ ಸತ್ತು ಹದಿನಾರು ವರ್ಷವಾಯಿತು. ನನ್ನನ್ನು ಬಿಟ್ಟು ಇನ್ನೊಬ್ಬರ ಬಾಯಿ ಅವನನ್ನು ಅವನ ಹೆಸರಿನಿಂದ, ಅವನ ಊರಿನಿಂದ, ಅವನ ಭಾಷೆಯಿಂದ ಕರೆದದ್ದು ಇದೇ ಮೊದಲು. ಇಷ್ಟೇ ಹೇಳಬಲ್ಲೆ.

ಆದರೆ ನಿನಗೆ ಬುದ್ಧಿ ಇದೆಯಾ? ಅಪ್ಪ ಸಿಹಿ ಮುಟ್ಟುತ್ತಿರಲಿಲ್ಲ, ತಾತ ಸಿಹಿ ಎಸೆದ ದಿನದಿಂದ. ಎಡೆಗೆ ಏನಿಡಬೇಕು ಅಂತ ಹೋದ ವರ್ಷವೇ ಬರೆದಿದ್ದೆ, ಸರಿಯಾಗಿ ಓದಿದ್ದರೆ ತಾನೇ. ಪಾಪ, ಅಷ್ಟು ದೂರ ಸ್ಲೈಗೋಗೆ ಬಂದು ಪಾಯಸದ ಮುಂದೆ ಸುಮ್ಮನೆ ಕೂತು ಹೋಗಿರುತ್ತಾನೆ. ಬರುವ ವರ್ಷದ ಅಮಾವಾಸ್ಯೆ ಸೆಪ್ಟೆಂಬರ್ ಇಪ್ಪತ್ತೈದು, ಭಾನುವಾರ. ನಾನೇ ಬರುತ್ತೇನೆ. ಹುರುಳಿಕಾಳು ತಂದಿಟ್ಟಿರು, ಉಪ್ಸಾರು ಮಾಡುವುದು ಹೇಗೆ ಅಂತ ತೋರಿಸುತ್ತೇನೆ.

ಇಂತಿ ನಿನ್ನ,
ಚಿಕ್ಕಣ್ಣನ ಮಗಳು ವನಜಾ